ನೆಂಟರಿಗೆ ಮುದ್ದೆ ಬಡಿಸಬಹುದೆ?

ಬೆಂಗಳೂರಿಗೆ ಹೊಸದಾಗಿ ಬಂದವರು ‘ಈ ಊರಿನ ಊಟ ಯಾವುದು? ಎಲ್ಲಿ ಸಿಗುತ್ತದೆ?’ ಎಂದು ಕೇಳಿದರೆ, ಹತ್ತಕ್ಕೆ ಒಂಬತ್ತು ಮಂದಿ ಹಿಂದೆಮುಂದೆ ನೋಡದೆ ಮಸಾಲೆ ದೋಸೆಯ ಹೆಸರು ಹೇಳುತ್ತಾರೆ. ಹೇಳುವುದಷ್ಟೇ ಅಲ್ಲ, ಗಾಂಧಿ ಬಜಾರಿಗೆ ಕರೆದೊಯ್ದು, ಸಾಲಿನಲ್ಲಿ ನಿಲ್ಲಿಸಿ, ಗರಿಗರಿಯಾದ ದೋಸೆ ತಿನ್ನಿಸಿ, ಮೇಲೊಂದು ಕಾಫಿ ಕುಡಿಸಿ ಕಳಿಸುತ್ತಾರೆ. ಬಂದವರಿಗೂ ಸಂತೋಷ, ಕರೆದೊಯ್ದವರಿಗೂ ಸಂತೋಷ. ತೊಡಕು ಒಂದೇ. ಬಂದವರು ಕೇಳಿದ್ದು ಊಟ, ಇವರು ಕೊಡಿಸಿದ್ದು ತಿಂಡಿ.

ದೋಸೆ, ಇಡ್ಲಿ, ಕಾಫಿಗಳ ಮೇಲೆ ಯಾರಿಗೂ ಮುನಿಸಿಲ್ಲ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಹುಟ್ಟಿದ್ದು 1924ರಲ್ಲಿ. ಕಟ್ಟಿದವರು ಉಡುಪಿ ಸೀಮೆಯಿಂದ ಬಂದ ಮಯ್ಯ ಸಹೋದರರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಅಲ್ಲಿನ ಅಡುಗೆಮನೆ ರವೆಯಲ್ಲಿ ಇಡ್ಲಿ ಮಾಡಿ ನೋಡಿತು. ಆ ರವೆ ಇಡ್ಲಿ ಈಗ ದೇಶವನ್ನೆಲ್ಲ ಸುತ್ತಿದೆ. 1943ರಲ್ಲಿ ಗಾಂಧಿ ಬಜಾರಿನಲ್ಲಿ ಬಾಗಿಲು ತೆರೆದ ವಿದ್ಯಾರ್ಥಿ ಭವನದ ಮೊದಲ ಗಿರಾಕಿಗಳು, ಹೆಸರೇ ಹೇಳುವಂತೆ, ಆಸುಪಾಸಿನ ಶಾಲೆ ಕಾಲೇಜುಗಳ ಹುಡುಗರು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇಡ್ಲಿಗೆ ಸಾಂಬಾರನ್ನೇ ಕೊಡದೆ ಬರಿಯ ಚಟ್ನಿಯಲ್ಲಿ ಊರನ್ನು ಗೆದ್ದಿದೆ. ಇವೆಲ್ಲ ನಗರದ ಹೆಮ್ಮೆಗಳೇ. ಆದರೆ ಇವು ಬಹುಮಟ್ಟಿಗೆ ಕರಾವಳಿಯ ಕೈಗಳು ನಗರದ ನಾಲಗೆಗಾಗಿ ಕಟ್ಟಿದ ರುಚಿಗಳು; ಹೋಟೆಲಿನಲ್ಲಿ ಹುಟ್ಟಿ ಹೋಟೆಲಿನಲ್ಲೇ ಬೆಳೆದವು. ಅದೇ ವರ್ಷಗಳಲ್ಲಿ, ಆ ಹೋಟೆಲುಗಳಿಂದ ಒಂದೆರಡು ಮೈಲಿ ದೂರದ ಸಿದ್ದಾಪುರ, ಭೈರಸಂದ್ರ, ಯಡಿಯೂರುಗಳ ಒಲೆಗಳ ಮೇಲೆ ರಾತ್ರಿ ಹೊತ್ತಿಗೆ ತಿರುಗುತ್ತಿದ್ದುದು ಬೇರೆ. ಅದು ರಾಗಿ ಹಿಟ್ಟು.

ಸಿದ್ದಾಪುರ ಎಂದರೆ ಈಗ ಬಹಳಷ್ಟು ಜನರಿಗೆ ನೆನಪಾಗುವುದು ಲಾಲ್‌ಬಾಗಿನ ಒಂದು ಗೇಟು. 1948ರಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದು, ಅಶೋಕ ಸ್ತಂಭ ನಿಂತು, ಬ್ಲಾಕುಗಳೂ ಅಡ್ಡರಸ್ತೆಗಳೂ ಹರಡಿಕೊಂಡಾಗ, ಅದರ ಮಗ್ಗುಲಲ್ಲಿದ್ದ ಹಳ್ಳಿಗಳು ನಗರದ ಹೊಟ್ಟೆಯೊಳಗೆ ಸೇರಿದವು. ಹೆಸರು ಉಳಿಯಿತು, ಒಂದು ಗುಡಿ, ಇಕ್ಕಟ್ಟಾದ ಬೀದಿ, ಹೂಗಿಡ ಮಾರುವ ನರ್ಸರಿ, ಹಿತ್ತಿಲಿಲ್ಲದ ಮನೆಗಳು ಉಳಿದವು. ಹೊಲ ಹೋಯಿತು. ಆದರೆ ಹೊಲದ ಊಟ ಅಷ್ಟು ಬೇಗ ಹೋಗಲಿಲ್ಲ. ಮಾಗಡಿ, ಕನಕಪುರ, ಆನೇಕಲ್ಲುಗಳ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು ಇಲ್ಲಿ ಬಾಡಿಗೆಗೆ ನಿಂತು, ಊರಿನಿಂದ ರಾಗಿ ತರಿಸಿ, ಗಿರಣಿಯಲ್ಲಿ ಬೀಸಿಸಿ, ಒಲೆ ಹೋಗಿ ಸ್ಟೌ ಬಂದರೂ, ಸ್ಟೌ ಹೋಗಿ ಗ್ಯಾಸು ಬಂದರೂ ಮುದ್ದೆ ಕೋಲನ್ನು ಮಾತ್ರ ಗೂಡಿನಲ್ಲೇ ಇಟ್ಟುಕೊಂಡರು.

ಹಾಗಿದ್ದರೆ ಹೊರಗಿನಿಂದ ಬಂದವರ ಕಣ್ಣಿಗೆ ಈ ಊಟ ಬೀಳುವುದಿಲ್ಲವೇಕೆ? ಇದಕ್ಕೆ ಕಾರಣ ಹೋಟೆಲುಗಳಿಗಿಂತ ಹೆಚ್ಚಾಗಿ ಮನೆಯವರಲ್ಲೇ ಇದೆ. ಹಳೇ ಮೈಸೂರಿನ ಬಯಲು ಸೀಮೆಯಲ್ಲಿ ರಾಗಿ ದಿನದ ಊಟ, ಅಕ್ಕಿ ಹಬ್ಬದ ಊಟ. ಮಳೆ ನಂಬಿದ ಹೊಲದಲ್ಲಿ ರಾಗಿ ಬೆಳೆಯುತ್ತಿತ್ತು. ಭತ್ತಕ್ಕೆ ಕೆರೆಯ ನೀರು ಬೇಕಿತ್ತು, ಅದು ಎಲ್ಲರಿಗೂ ಇರಲಿಲ್ಲ. ಆದ್ದರಿಂದ ಅನ್ನ ಕಾಣುತ್ತಿದ್ದುದು ಯುಗಾದಿಗೆ, ಮದುವೆಗೆ, ಜ್ವರ ಬಂದಾಗ, ಮತ್ತು ಬಾಗಿಲಿಗೆ ನೆಂಟರು ಬಂದಾಗ. ನೆಂಟರ ಎಲೆಗೆ ಮುದ್ದೆಯಿಟ್ಟರೆ ‘ಅಕ್ಕಿಗೆ ಗತಿಯಿಲ್ಲವೇನೋ’ ಎಂದುಕೊಂಡಾರೆಂಬ ಅಂಜಿಕೆ. ಮನೆಯ ನಿಜವಾದ ಊಟವನ್ನು ಮರೆಮಾಡಿ, ಸಾಲ ಮಾಡಿಯಾದರೂ ಬೇರೆ ಊಟ ಬಡಿಸುವುದೇ ಮರ್ಯಾದೆ ಎಂದಾಯಿತು. ಅತಿಥಿ ಎಷ್ಟು ದೊಡ್ಡವನೋ ಅಷ್ಟು ದೂರ ಮುದ್ದೆ!

ಅಕ್ಕಿಗೂ ರಾಗಿಗೂ ಇರುವ ಈ ಮೇಲುಕೀಳಿನ ಜಗಳ ಇಂದಿನದಲ್ಲ. ಕನಕದಾಸರು ‘ರಾಮಧಾನ್ಯ ಚರಿತ್ರೆ’ಯನ್ನು ಬರೆದದ್ದೇ ಇದರ ಮೇಲೆ. ಇಬ್ಬರಲ್ಲಿ ಯಾರು ಹೆಚ್ಚು ಎಂಬ ವಾದ ಶ್ರೀರಾಮನ ಮುಂದೆ ಬರುತ್ತದೆ. ರಾಮ ತೀರ್ಪನ್ನು ಅವಸರದಲ್ಲಿ ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತೆಗೆಸಿದಾಗ ಅಕ್ಕಿ ಸೊರಗಿರುತ್ತದೆ, ರಾಗಿ ಹಾಗೆಯೇ ಇರುತ್ತದೆ. ರಾಘವನ ಹೆಸರೇ ಅದಕ್ಕೆ ಸಲ್ಲುತ್ತದೆ. ಇದು ಕವಿಯ ಕಲ್ಪನೆ ಮಾತ್ರವಲ್ಲ ಎಂಬುದು ರೈತರಿಗೆ ಗೊತ್ತು. ನೆಲದಲ್ಲಿ ಹಗೇವು ತೋಡಿ ರಾಗಿ ತುಂಬಿ ಮುಚ್ಚಿದರೆ ವರ್ಷಗಟ್ಟಲೆ ಹುಳು ಮುಟ್ಟದೆ ಉಳಿಯುತ್ತಿತ್ತು. ಬರಗಾಲದಲ್ಲಿ ಊರನ್ನು ಕಾಯುತ್ತಿದ್ದುದು ಈ ಹಗೇವುಗಳೇ. ಇಷ್ಟಾದರೂ ರಾಮನ ಸಭೆಯಲ್ಲಿ ಗೆದ್ದ ರಾಗಿ ನೆಂಟರ ಪಂಕ್ತಿಯಲ್ಲಿ ಮಾತ್ರ ಗೆಲ್ಲಲಿಲ್ಲ. 1996ರಲ್ಲಿ ದೇವೇಗೌಡರು ಪ್ರಧಾನಿಯಾದಾಗ ಮುದ್ದೆಯ ಹೆಸರು ದೆಹಲಿಯವರೆಗೂ ಹೋಯಿತು. ಆದರೆ ಅಲ್ಲಿ ಅದರ ಮಾತೆತ್ತಿದವರಲ್ಲಿ ತಿಂದು ನೋಡಿದವರಿಗಿಂತ ನಕ್ಕವರೇ ಹೆಚ್ಚೇನೋ.

ಸಿದ್ದಾಪುರದ ಒಂದು ಮನೆಯಲ್ಲಿ ಈ ಹಳೆಯ ಜಗಳ ಮತ್ತೊಮ್ಮೆ ನಡೆದದ್ದು ಒಂದು ಭಾನುವಾರದ ಊಟದ ವಿಷಯಕ್ಕೆ. ಆ ಮನೆಯ ಮಗಳು ಜಯನಗರದ ಕಾಲೇಜೊಂದರಲ್ಲಿ ಓದುವವಳು. ಅವಳ ತರಗತಿಯಲ್ಲಿ ಅಸ್ಸಾಮಿನ ಹುಡುಗಿಯೊಬ್ಬಳು, ಪಿ.ಜಿ.ಯಲ್ಲಿ ವಾಸ. ಎಂಟು ತಿಂಗಳಿಂದ ಇಡ್ಲಿ, ಪೂರಿ, ಚಿತ್ರಾನ್ನ, ‘ಸೌತ್ ಇಂಡಿಯನ್ ಊಟ’ ಎಂಬ ಫಲಕದ ಕೆಳಗಿನ ಅನ್ನ ಸಾಂಬಾರುಗಳನ್ನು ತಿಂದು ತಿಂದು, ‘ನಿಮ್ಮ ಮನೇಲಿ ದಿನಾ ರಾತ್ರಿ ಏನು ಊಟ ಮಾಡ್ತೀರ?’ ಎಂದು ಕೇಳಿಬಿಟ್ಟಳು. ಮಗಳು ಒಂದು ಕ್ಷಣ ತಡವರಿಸಿ ‘ಚಪಾತಿ’ ಎಂದಳು. ಆ ಮನೆಯಲ್ಲಿ ಚಪಾತಿಯಾಗುವುದು ವಾರಕ್ಕೊಮ್ಮೆ, ಅದೂ ಬೇಸರದಿಂದ. ಹೈಸ್ಕೂಲಿನಲ್ಲಿದ್ದಾಗ ಯಾರೋ ‘ಮುದ್ದೆ ಗೌಡ್ತಿ’ ಎಂದು ರೇಗಿಸಿದ್ದು ಅವಳ ಮನಸ್ಸಿನ ಮೂಲೆಯಲ್ಲಿ ಎಲ್ಲೋ ಇತ್ತು. ಆದರೆ ಸುಳ್ಳು ಹೇಳಿದ ಮೇಲೆ ಗೆಳತಿಯನ್ನು ಭಾನುವಾರ ಊಟಕ್ಕೆ ಕರೆಯಲೇಬೇಕಾಯಿತು.

ವಿಷಯ ಮನೆಗೆ ಬಂದಾಗ ತಾಯಿ ಕೂಡಲೇ ಪಲಾವು, ಕುರ್ಮಾ, ಜಾಮೂನುಗಳ ಲೆಕ್ಕ ಹಾಕಿದರು. ಮಗಳೇ ಅಡ್ಡ ಬಂದಳು. ‘ಅವಳು ಕೇಳಿದ್ದು ನಮ್ಮ ಊಟ ಅಮ್ಮ. ಪಲಾವು ಅವಳ ಪಿ.ಜಿ.ಯಲ್ಲೂ ಇದೆ.’

‘ಅಷ್ಟು ದೂರದಿಂದ ಬಂದಿರೋ ಮಗೀಗೆ ಹಿಟ್ಟು ಇಡ್ತಾರೇನೆ? ನೋಡ್ದೋರು ಏನಂದಾರು!’

ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದರು: ‘ಇಡಮ್ಮ. ನಾನೇ ತಿರುವ್ತೀನಿ. ನೀನು ಕುಕ್ಕರಲ್ಲಿ ಮಾಡೋದನ್ನ ಆ ಮಗೀಗೆ ಇಟ್ಟು ಹೆಸರು ಕೆಡಿಸ್ಬ್ಯಾಡ.’

ಸೊಸೆ ಇದಕ್ಕೆ ಉತ್ತರ ಕೊಡಲಿಲ್ಲ. ಕೊಡಲು ಇರಲೂ ಇಲ್ಲ. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟು ಸಂಜೆ ಏಳಕ್ಕೆ ಬರುವ ಹೆಂಗಸು ಮುದ್ದೆಯನ್ನು ಕುಕ್ಕರಿನಲ್ಲಿ ಮಾಡಿದರೆ ಅದು ಅಪರಾಧವೇನಲ್ಲ. ಆದರೆ ಅಜ್ಜಿಯ ಮಾತಿನಲ್ಲೂ ಸತ್ಯವಿತ್ತು. ಮುದ್ದೆ ಮಾಡುವುದನ್ನು ನೋಡಿದವರಿಗೆ ಅದು ಗೊತ್ತಾಗುತ್ತದೆ.

ಮೊದಲು ಎಸರಿಡಬೇಕು. ಒಂದು ಪಾವು ಹಿಟ್ಟಿಗೆ ಸುಮಾರು ಎರಡು ಪಾವು ನೀರು. ಹಿಟ್ಟು ಹಳೆಯದೋ ಹೊಸದೋ ನೋಡಿ ಕೊಂಚ ಹೆಚ್ಚುಕಡಿಮೆ. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬಿಟ್ಟರೆ ಅದು ತೆಳ್ಳಗೆ ಅಂಬಲಿಯಂತಾಗಿ ಕುದಿಯುತ್ತದೆ. ಆಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಬೇಕು, ಕಲಕಬಾರದು. ಕೋಲಿನಿಂದ ಗುಡ್ಡೆಯ ನಡುವೆ ಒಂದು ತೂತು ಮಾಡಿ, ಉರಿ ತಗ್ಗಿಸಿ, ಹಿಟ್ಟು ಬೇಯುವವರೆಗೆ ಕಾಯಬೇಕು. ಈ ಕಾಯುವುದೇ ಮುಖ್ಯ. ಅವಸರಪಟ್ಟವರ ಮುದ್ದೆ ಹಸಿಹಸಿಯಾಗಿ ಹೊಟ್ಟೆ ನೋಯಿಸುತ್ತದೆ. ಬೆಂದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲಿನಿಂದ ಅಲುಗದಂತೆ ಒತ್ತಿಹಿಡಿದು, ಮುದ್ದೆ ಕೋಲಿನಿಂದ ತಿರುವಬೇಕು. ಇದಕ್ಕೆ ಬೇಕಾದ ಬಲ ಬೆರಳಿನದಲ್ಲ, ರಟ್ಟೆಯದು. ಒಂದೂ ಗಂಟು ಉಳಿಯದಂತೆ ತಿರುವಿ, ಮತ್ತೆ ನೀರು ಚಿಮುಕಿಸಿ, ಹಬೆಯಲ್ಲಿ ಒಂದು ನಿಮಿಷ ಬಿಟ್ಟು, ಒದ್ದೆ ಮಾಡಿದ ಮಣೆಯ ಮೇಲೆ ಹಾಕಿ, ಕೈಗೆ ನೀರು ಮುಟ್ಟಿಸಿಕೊಳ್ಳುತ್ತ ಸುಡುಸುಡುವಾಗಿಯೇ ಉಂಡೆ ಕಟ್ಟಬೇಕು. ಒದ್ದೆ ಬೆರಳು ಇಟ್ಟರೆ ಅಂಟಬಾರದು. ಕಟ್ಟಿದ ಮುದ್ದೆಯ ಮೈ ಹೊಳೆಯಬೇಕು.

ಆ ಭಾನುವಾರ ಅಜ್ಜಿ ಅರ್ಧ ತಿರುವುವಷ್ಟರಲ್ಲಿ ಕೈ ನಿಲ್ಲಿಸಿದರು. ಭುಜದ ನೋವು ಎರಡು ವರ್ಷದ್ದು. ಮಾತಿಲ್ಲದೆ ಕೋಲನ್ನು ಮೊಮ್ಮಗಳ ಕಡೆ ಚಾಚಿದರು. ಹತ್ತೊಂಬತ್ತು ವರ್ಷ ಮುದ್ದೆ ತಿಂದವಳು ಅಂದು ಮೊದಲ ಬಾರಿ ಕೋಲು ಹಿಡಿದಳು. ಕೋಲು ಹಿಟ್ಟಿನಲ್ಲಿ ನೆಟ್ಟಂತೆ ನಿಂತುಬಿಟ್ಟಿತು. ‘ಮೊಣಕಾಲು ಊರಿ ಕೂತ್ಕೊ. ಕೋಲ್ನ ತಳ್ಳಬ್ಯಾಡ, ಎಳಕೊ’ ಎಂದರು ಅಜ್ಜಿ. ಅಸ್ಸಾಮಿನ ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ತಾನೇ ಬಂದು ಕವೆಗೋಲು ಹಿಡಿದಳು. ಅಂತೂ ಆರು ಮುದ್ದೆಗಳಾದವು. ಎರಡರಲ್ಲಿ ಗಂಟಿತ್ತು. ಆ ಎರಡನ್ನು ತಾಯಿ ಸದ್ದಿಲ್ಲದೆ ತಮ್ಮ ತಟ್ಟೆಗೆ ಇಟ್ಟುಕೊಂಡರು.

ಮುದ್ದೆಯನ್ನು ತಿನ್ನುವುದೂ ಒಂದು ವಿದ್ಯೆ. ಗೊತ್ತಿಲ್ಲದವರು ರೊಟ್ಟಿಯಂತೆ ಮುರಿದು ಅಗಿಯಲು ಹೋಗುತ್ತಾರೆ. ಅದು ಹಲ್ಲಿಗೆ, ಅಂಗುಳಕ್ಕೆ ಮೆತ್ತಿಕೊಂಡು ಬಾಯಿಯೇ ಕಟ್ಟಿಹೋಗುತ್ತದೆ. ನೆಲ್ಲಿಕಾಯಿ ಗಾತ್ರದ ತುಣುಕನ್ನು ಮುರಿದು, ಹೆಬ್ಬೆರಳಿನಲ್ಲಿ ಒಂದು ಗುಳಿ ಒತ್ತಿ, ಸಾರಿನಲ್ಲಿ ಮುಳುಗಿಸಿ, ನಾಲಗೆಯ ಮೇಲಿಟ್ಟು ನುಂಗಬೇಕು. ರುಚಿ ಇರುವುದು ಸಾರಿನಲ್ಲಿ. ಮುದ್ದೆ ಅದನ್ನು ಹೊತ್ತೊಯ್ಯುವ ಗಾಡಿ. ಬಿಸಿಯಾಗಿರುವಾಗಲೇ ಮುಗಿಸಬೇಕು, ಮಾತು ಆಮೇಲೆ. ಅತಿಥಿ ಮೊದಲ ತುತ್ತನ್ನು ಅಗಿದಳು, ಎರಡನೆಯದನ್ನೂ ಅಗಿದಳು, ಮೂರನೆಯದಕ್ಕೆ ಅಜ್ಜಿಯ ಗಂಟಲನ್ನೇ ನೋಡುತ್ತ ನುಂಗಿದಳು. ಊಟದ ನಡುವೆ ತಮ್ಮ ಕಡೆಯ ‘ಖಾರ್’ ಎಂಬ ಪದಾರ್ಥದ ವಿಷಯ ಹೇಳಿದಳು. ಅಜ್ಜಿ ‘ಖಾರ ಜಾಸ್ತಿಯಾಯ್ತೇನೋ’ ಎಂದು ಮಜ್ಜಿಗೆ ಸುರಿಯಲು ಎದ್ದರು. ಅದು ಖಾರವಲ್ಲ, ಒಣಗಿಸಿದ ಬಾಳೆಯ ಸಿಪ್ಪೆಯನ್ನು ಸುಟ್ಟು, ಬೂದಿಯಿಂದ ಸೋಸಿ ತೆಗೆದ ನೀರಿನಲ್ಲಿ ಮಾಡುವ ಅಡುಗೆ, ಅಸ್ಸಾಮಿನಲ್ಲಿ ಊಟ ಶುರುವಾಗುವುದೇ ಅದರಿಂದ ಎಂದು ಮಗಳು ಕನ್ನಡದಲ್ಲಿ ತಿಳಿಸಿದಾಗ, ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ. ‘ಬೂದಿ ನೀರಾ? ಹೂಂ, ಬಡವರಿಗೆ ಎಲ್ಲಾ ಗೊತ್ತಿರ್ತದೆ’ ಎಂದರು.

ಅಂದಿನ ಸಾರು ಬಸ್ಸಾರು. ಹಳೇ ಮೈಸೂರಿನ ಅಡುಗೆಯ ಜಾಣತನವನ್ನು ಒಂದೇ ಪದಾರ್ಥದಲ್ಲಿ ತೋರಿಸಬೇಕೆಂದರೆ ಇದನ್ನೇ ತೋರಿಸಬೇಕು. ಬಸಿದು ಮಾಡುವ ಸಾರಾದ್ದರಿಂದ ಬಸ್ಸಾರು. ತೊಗರಿಬೇಳೆಯನ್ನೋ ಹುರುಳಿಕಾಳನ್ನೋ ಅವರೆಕಾಳನ್ನೋ ದಂಟಿನ ಸೊಪ್ಪಿನ ಜೊತೆ ಬೇಯಿಸಿ, ಆ ನೀರನ್ನು ಬೇರೆ ಬಸಿದುಕೊಳ್ಳುತ್ತಾರೆ. ಬೆಂದ ಕಾಳು ಸೊಪ್ಪಿಗೆ ಒಗ್ಗರಣೆ, ತೆಂಗಿನ ತುರಿ ಬಿದ್ದರೆ ಪಲ್ಯ. ಬಸಿದ ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಿಸೆ, ಕಾಯಿ, ಜೊತೆಗೆ ಒಂದು ಹಿಡಿ ಬೆಂದ ಕಾಳು ರುಬ್ಬಿ ಕುದಿಸಿದರೆ ಸಾರು. ಒಂದೇ ಪಾತ್ರೆಯಿಂದ ಎರಡು ಪದಾರ್ಥ, ಒಂದು ಹನಿಯೂ ಚೆಲ್ಲುವಂತಿಲ್ಲ. ಮಾರನೆಯ ದಿನಕ್ಕೆ ಇದರ ರುಚಿ ಇನ್ನೂ ಏರುತ್ತದೆ. ಮಂಡ್ಯದ ಕಡೆಯ ಉಪ್ಪೆಸ್ರು ಇದರ ದಾಯಾದಿ. ಅಲ್ಲಿ ಬೆಂದ ಕಟ್ಟಿಗೆ ಉಪ್ಪಷ್ಟೇ, ಖಾರವನ್ನು ಬೇರೆ ರುಬ್ಬಿ ತಟ್ಟೆಯ ಬದಿಗಿಡುತ್ತಾರೆ, ಬೇಕಾದಷ್ಟು ಬೆರೆಸಿಕೊಳ್ಳಬೇಕು. ಸೊಪ್ಪನ್ನು ಮಸೆದು ಮಾಡಿದರೆ ಮಸ್ಸೊಪ್ಪು. ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಹೊನಗೊನ್ನೆ, ಅಣ್ಣೆ, ಗಣಿಕೆ ಎಲ್ಲ ಸೇರಿದರೆ ಬೆರಕೆ ಸೊಪ್ಪು. ಇವುಗಳ ಹೆಸರು ಗೊತ್ತಿರುವ ಹುಡುಗರು ಈಗ ಒಂದು ತರಗತಿಯಲ್ಲಿ ಎಷ್ಟು ಮಂದಿ ಸಿಕ್ಕಾರು?

ಎಲ್ಲರಿಗೂ ಸಿದ್ದಾಪುರದಲ್ಲಿ ಗೆಳತಿ ಇರುವುದಿಲ್ಲ, ಗೆಳತಿಯ ಮನೆಯಲ್ಲಿ ಅಜ್ಜಿ ಇರುವುದಿಲ್ಲ. ಅಂಥವರು ಎಲ್ಲಿಗೆ ಹೋಗಬೇಕು? ಜಯನಗರದಲ್ಲೇ 1980ರ ದಶಕದಲ್ಲಿ ಶುರುವಾದ, ನಿಂತು ತಿನ್ನುವ ದರ್ಶಿನಿಗಳಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಅವು ತಿಂಡಿಯ ರಾಜ್ಯ. ಮುದ್ದೆಯನ್ನು ನಗರದಲ್ಲಿ ಬಹುಕಾಲ ಮರ್ಯಾದೆಯಿಂದ ನಡೆಸಿಕೊಂಡದ್ದು ಮಿಲಿಟರಿ ಹೋಟೆಲುಗಳು. ಹೆಸರು ಕೇಳಿ ಸಿಪಾಯಿಗಳ ಹೋಟೆಲು ಎಂದುಕೊಳ್ಳಬೇಕಾಗಿಲ್ಲ; ಮಾಂಸದೂಟದ ಹೋಟೆಲಿಗೆ ಬೆಂಗಳೂರಿನವರು ಇಟ್ಟ ಹೆಸರು ಅದು. ಕಾಟನ್‌ಪೇಟೆಯ ಎಸ್.ಜಿ. ರಾವ್ ಅವರ ಮಿಲಿಟರಿ ಹೋಟೆಲು 1908ರದು. ಜಯನಗರದ ಶಿವಾಜಿ ಮಿಲಿಟರಿ ಹೋಟೆಲು ದೊನ್ನೆ ಬಿರಿಯಾನಿಗೆ ಹೆಸರಾದದ್ದು. ಈ ಬಗೆಯ ಹೋಟೆಲುಗಳಲ್ಲಿ ಮಧ್ಯಾಹ್ನದ ಹೊತ್ತು ಮುದ್ದೆಯ ಜೊತೆ ಕಾಲು ಸೂಪೋ ನಾಟಿ ಕೋಳಿ ಸಾರೋ ಸಿಗುವುದುಂಟು. ಒಂದೂವರೆ ಗಂಟೆಯ ಮೇಲೆ ಹೋದರೆ ‘ಮುದ್ದೆ ಖಾಲಿ’ ಎಂಬ ಮಾತು ಕೇಳಿಬಂದರೆ ಕೋಪಿಸಿಕೊಳ್ಳುವಂತಿಲ್ಲ. ಮುದ್ದೆಯನ್ನು ಮಾಡಿಟ್ಟು ಬಿಸಿ ಮಾಡಿ ಕೊಡುವ ಹೋಟೆಲಿಗಿಂತ ಖಾಲಿ ಎನ್ನುವ ಹೋಟೆಲು ಮೇಲು.

ಸಸ್ಯಾಹಾರಿಗಳಿಗೆ ಮಲ್ಲೇಶ್ವರದ ‘ಹಳ್ಳಿ ಮನೆ’ ಇದೆ. ಹೆಸರಿಗೆ ತಕ್ಕಂತೆ ರಾಗಿ ರೊಟ್ಟಿ, ಮುದ್ದೆಗಳನ್ನು ಊಟದ ಪಟ್ಟಿಗೆ ತಂದ ಹೋಟೆಲುಗಳಲ್ಲಿ ಅದೊಂದು. ಮೈಸೂರು ರಸ್ತೆಯಲ್ಲಿ ರಾಮನಗರದ ಹತ್ತಿರ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದ ಮಗ್ಗುಲಲ್ಲೇ ಕಾಮತರ ‘ಲೋಕರುಚಿ’. ಮಕ್ಕಳಿಗೆ ಮೊದಲು ಒಳಗಡೆ ಬೀಸುವ ಕಲ್ಲು, ಒನಕೆ, ಮೊರಗಳನ್ನು ತೋರಿಸಿ, ಆಮೇಲೆ ಪಕ್ಕದಲ್ಲಿ ಊಟಕ್ಕೆ ಕೂರಿಸಿದರೆ ಅರ್ಧ ದಿನದ ಪಾಠ ಆದಂತೆ. ಸಿದ್ದಾಪುರದ ಮಗ್ಗುಲಿನ ಕನಕನಪಾಳ್ಯದಲ್ಲಿ 2017ರ ಆಗಸ್ಟ್ 16ರಂದು ಉದ್ಘಾಟನೆಯಾದ ಇಂದಿರಾ ಕ್ಯಾಂಟೀನು ನಗರದ ಅಂಥ ಕ್ಯಾಂಟೀನುಗಳಿಗೆ ಮೊದಲನೆಯದು. ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ. ಅಲ್ಲಿನ ಪಟ್ಟಿಗೂ ಮುದ್ದೆ ಸೊಪ್ಪಿನ ಸಾರನ್ನು ಸೇರಿಸುವ ಮಾತು 2023ರಲ್ಲಿ ಬಂತು. ಹೋಗಿ ನೋಡುವವರು ಆ ದಿನದ ಪಟ್ಟಿಯನ್ನು ನೋಡಿಕೊಂಡು ಸಾಲಿನಲ್ಲಿ ನಿಲ್ಲುವುದು ಒಳ್ಳೆಯದು.

ಇವೆಲ್ಲಕ್ಕಿಂತ ಮುದ್ದೆಯನ್ನು ವಿದ್ಯಾರ್ಥಿಗಳ ಊಟವಾಗಿ ನೋಡಬೇಕೆಂದರೆ ತುಮಕೂರಿನ ಸಿದ್ಧಗಂಗೆಗೆ ಹೋಗಬೇಕು. ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರು. 2019ರಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಬೆಳೆದ ಆ ಮಠದಲ್ಲಿ ಸಾವಿರಾರು ಹುಡುಗರು ಉಚಿತವಾಗಿ ಉಂಡು ಓದುತ್ತಾರೆ. ದೊಡ್ಡ ದೊಡ್ಡ ಕೊಪ್ಪರಿಗೆಗಳಲ್ಲಿ ಬೆಂದು, ಸಾಲಾಗಿ ಕೂತ ಹುಡುಗರ ತಟ್ಟೆಗೆ ಮುದ್ದೆ ಬೀಳುತ್ತದೆ. ದಾಸೋಹದಲ್ಲಿ ಬಂದವರಿಗೂ ಊಟವುಂಟು, ಜಾತಿ ಕೇಳುವವರಿಲ್ಲ. ಯಾವ ಊರಿನ ಬಡ ರೈತನ ಮಗ ಯಾವ ಕಚೇರಿಯ ಅಧಿಕಾರಿಯಾದರೂ ಅಲ್ಲಿ ಉಂಡ ಮುದ್ದೆಯನ್ನು ಮುಚ್ಚಿಟ್ಟುಕೊಂಡು ಮಾತಾಡುವುದಿಲ್ಲ. ಮನೆಯಲ್ಲಿ ನೆಂಟರಿಂದ ಮರೆಯಾಗುವ ಊಟ ಅಲ್ಲಿ ಪಂಕ್ತಿಯ ನಡುವೆ ಬಂದು ಕೂತಿದೆ.

ಕಾಲ ನೋಡಿ ಹೋಗುವುದಾದರೆ ಮಾಗಿಯೇ ಸರಿಯಾದ ಕಾಲ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಅದಾಗಿ ಒಂದು ತಿಂಗಳಿಗೆ ಸೊಗಡಿನ ಅವರೆಕಾಯಿ ಮಾಗಡಿಯ ಕಡೆಯಿಂದ ನಗರಕ್ಕೆ ಇಳಿಯುತ್ತದೆ. ಸಜ್ಜನ್ ರಾವ್ ವೃತ್ತದ ಅವರೆಬೇಳೆ ಮೇಳ ಬೆಳೆದು ಬೆಳೆದು ಇತ್ತೀಚೆಗೆ ನ್ಯಾಷನಲ್ ಕಾಲೇಜು ಮೈದಾನವನ್ನೂ ಕಂಡಿದೆ. ಅಲ್ಲಿ ಅವರೆಬೇಳೆಯ ದೋಸೆಯಿಂದ ಜಿಲೇಬಿಯವರೆಗೆ ಏನುಂಟು ಏನಿಲ್ಲ! ಜಿಲೇಬಿಯ ಮಟ್ಟಿಗೆ ಅವರೆಯನ್ನು ಅದರ ಪಾಡಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಅವರೆಯ ನಿಜವಾದ ವೈಭವ ಇರುವುದು ಹಿತಕಿದ ಬೇಳೆಯ ಸಾರಿನಲ್ಲಿ. ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೊಂದನ್ನೇ ಬೆರಳ ನಡುವೆ ಹಿತಕಿ ಸಿಪ್ಪೆ ಬಿಡಿಸಬೇಕು. ಮನೆಮಂದಿಯೆಲ್ಲ ಸುತ್ತ ಕೂತರೆ ಮಾತ್ರ ಮುಗಿಯುವ ಕೆಲಸ. ಹಿತಕುತ್ತ ಕೂತವರ ನಡುವೆ ಆಡದ ಮಾತುಗಳಿಲ್ಲ. ಅಂಕಪಟ್ಟಿಯ ಸುದ್ದಿಯೂ ಎಷ್ಟೋ ಮನೆಗಳಲ್ಲಿ ಹೊರಬೀಳುವುದು ಅಲ್ಲಿಯೇ. ನವೆಂಬರಿನ ಸುಮಾರಿಗೆ ಜಿ.ಕೆ.ವಿ.ಕೆ.ಯಲ್ಲಿ ನಡೆಯುವ ಕೃಷಿ ಮೇಳಕ್ಕೆ ಹೋದ ಹುಡುಗರು ರಾಗಿಯ ಪೈರನ್ನು ನಿಂತ ಹೊಲದಲ್ಲೇ ನೋಡಿ, ಮುದ್ದೆಯೂಟವನ್ನೂ ಮುಗಿಸಿ ಬರಬಹುದು. ಹಾಗೆ ನೋಡುವಾಗ ಒಂದು ಹೆಸರು ನೆನಪಿರಲಿ: ಲಕ್ಷ್ಮಣಯ್ಯ. ಆಫ್ರಿಕದ ರಾಗಿಯನ್ನು ಇಲ್ಲಿನ ರಾಗಿಯೊಂದಿಗೆ ಕೂಡಿಸಿ ‘ಇಂಡಾಫ್’ ಎಂಬ ತಳಿಗಳನ್ನು ಕೊಟ್ಟವರು ಅವರು. ಇಂಡಿಯಾ, ಆಫ್ರಿಕ ಸೇರಿ ಇಂಡಾಫ್. ಒಣ ಹೊಲದವರ ಕಣಜ ತುಂಬಿದ್ದು ಆ ಕೆಲಸದಿಂದ. ಮೂಲದಲ್ಲಿ ರಾಗಿಯೂ ಆಫ್ರಿಕದ ಎತ್ತರದ ನೆಲದಿಂದ ಇಲ್ಲಿಗೆ ಬಂದ ನೆಂಟನೇ.

ಸರ್ಕಾರಗಳ ನಡೆಯೂ ಕುತೂಹಲದ್ದು. 2013ರ ಜುಲೈಯಲ್ಲಿ ಶುರುವಾದ ಯೋಜನೆಗೆ ಅನ್ನಭಾಗ್ಯ ಎಂದು ಹೆಸರಾಯಿತು. ದಕ್ಷಿಣದ ಜಿಲ್ಲೆಗಳಲ್ಲಿ ಪಡಿತರದಲ್ಲಿ ರಾಗಿಯನ್ನೂ ಕೊಟ್ಟರು, ಆದರೆ ಹಿಟ್ಟುಭಾಗ್ಯ ಎಂಬ ಹೆಸರು ಯಾರಿಗೂ ಹೊಳೆಯಲಿಲ್ಲ. ಹತ್ತು ವರ್ಷ ಕಳೆದು, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ರಾಗಿಗೆ ದೊಡ್ಡ ಅಂಗಡಿಗಳ ಕಪಾಟಿನಲ್ಲಿ ಬೆಲೆ ಬಂತು. 2024ರ ಫೆಬ್ರವರಿಯಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ವಾರದಲ್ಲಿ ಮೂರು ದಿನ ಹಾಲಿನಲ್ಲಿ ರಾಗಿ ಮಾಲ್ಟ್ ಬೆರೆಸಿ ಕೊಡುವ ಏರ್ಪಾಡಾಯಿತು. ಕಾರಣ ಸರಳ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ. ಅಷ್ಟೇ ಅಕ್ಕಿಯಲ್ಲಿ ಹತ್ತರ ಆಸುಪಾಸು. ‘ರಾಗಿ ತಿಂದವ ನಿರೋಗಿ’ ಎಂದು ಹೇಳುತ್ತಿದ್ದವರಿಗೆ ಈ ಅಂಕಿ ಗೊತ್ತಿರಲಿಲ್ಲ, ಎಲುಬು ಗೊತ್ತಿತ್ತು.

ಮಕ್ಕಳನ್ನು ಬೆಂಗಳೂರಿನ ಹಾಸ್ಟೆಲಿಗೋ ಪಿ.ಜಿ.ಗೋ ಸೇರಿಸಿ ಹೋಗುವ ತಂದೆ ತಾಯಿ ಚಕ್ಕುಲಿ, ಕೋಡುಬಳೆ, ಉಪ್ಪಿನಕಾಯಿಗಳ ಡಬ್ಬ ಕಟ್ಟಿಕೊಡುತ್ತಾರೆ. ಅದರ ಜೊತೆ ಎರಡು ಸೇರು ರಾಗಿ ಹಿಟ್ಟನ್ನೂ ಕಟ್ಟಿದರೆ ಭಾರವೇನಾಗದು. ಪಿ.ಜಿ. ಕೋಣೆಯಲ್ಲಿ ಮುದ್ದೆ ತಿರುವುವುದು ಆಗದ ಮಾತು. ಆದರೆ ಅಂಬಲಿಗೆ ಒಂದು ಸಣ್ಣ ಪಾತ್ರೆ, ಒಂದು ಕರೆಂಟು ಒಲೆ ಸಾಕು, ಅದಕ್ಕೆ ಮಾಲೀಕರ ಒಪ್ಪಿಗೆಯಿದ್ದರೆ. ಎರಡು ಚಮಚ ಹಿಟ್ಟು, ಎರಡು ಲೋಟ ನೀರು, ಉಪ್ಪು. ಹತ್ತು ನಿಮಿಷ ಕೈಬಿಡದೆ ಕಲಕಿ, ಆರಿದ ಮೇಲೆ ಮಜ್ಜಿಗೆ ಬೆರೆಸಿ, ಹೆಚ್ಚಿದ ಈರುಳ್ಳಿ ಹಾಕಿಕೊಂಡು ಕುಡಿದರೆ ಬೆಳಗಿನ ತರಗತಿ ಮಧ್ಯಾಹ್ನದವರೆಗೆ ಹಸಿವಿಲ್ಲದೆ ನಡೆಯುತ್ತದೆ. ಸಿದ್ದಾಪುರದ ಅಜ್ಜಿ ಆ ಅಸ್ಸಾಮಿನ ಹುಡುಗಿಗೆ ಹೊರಡುವಾಗ ಹಿಟ್ಟಿನ ಪೊಟ್ಟಣದ ಜೊತೆ ಹೇಳಿಕಳಿಸಿದ್ದು ಒಂದೇ ಎಚ್ಚರಿಕೆ. ಹಿಟ್ಟನ್ನು ಕುದಿಯುವ ನೀರಿಗೆ ನೇರವಾಗಿ ಸುರಿಯಬಾರದು, ಮೊದಲು ತಣ್ಣೀರಿನಲ್ಲಿ ಕದಡಿಕೊಳ್ಳಬೇಕು. ಇಲ್ಲದಿದ್ದರೆ ಗಂಟು.